ಮೆಂಡಲೀಫ್ ತೆರವು ಬಿಟ್ಟ ಮನೆಗಳು

1871ರಲ್ಲಿ ರಷ್ಯ ದೇಶದ ರಸಾಯನಶಾಸ್ತ್ರಜ್ಞನೊಬ್ಬನು, ಅದುವರೆಗೆ ಯಾರೂ ಕಾಣದಿದ್ದ ಮೂರು ಮೂಲವಸ್ತುಗಳಿಗೆ ಹೆಸರಿಟ್ಟು, ಅವುಗಳ ಪರಮಾಣುವಿನ ತೂಕವೆಷ್ಟು, ಸಾಂದ್ರತೆಯೆಷ್ಟು, ಆಮ್ಲಜನಕದೊಡನೆ ಅವು ಯಾವ ಪ್ರಮಾಣದಲ್ಲಿ ಕೂಡಿಕೊಳ್ಳುತ್ತವೆ ಎಂಬ ವಿವರಗಳನ್ನೆಲ್ಲ ಅಚ್ಚುಹಾಕಿಸಿದನು. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವ ಗಾದೆ ನಮ್ಮಲ್ಲಿದೆಯಷ್ಟೆ. ಈತನು ಹೊಲಿಸಿದ ಮೂರು ಕುಲಾವಿಗಳೂ, ಮುಂದಿನ 15 ವರ್ಷಗಳಲ್ಲಿ ಹುಟ್ಟಿದ ಮೂರು ಕೂಸುಗಳ ತಲೆಗೆ ಅಳತೆ ತೆಗೆದು ಹೊಲಿದಂತೆ ಹೊಂದಿಕೊಂಡವು. ಆ ಹೆಸರುಗಳಾದರೂ ಎಂಥವು! ಏಕ-ಬೋರಾನ್, ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್. ನೆವಾ ನದಿಯ ದಡದ ಹಿಮದ ನಗರದಲ್ಲಿ ಹುಟ್ಟಿದ ಈ ಹೆಸರುಗಳ ಮೊದಲ ಶಬ್ದ ನಮ್ಮ ಪ್ರಾಥಮಿಕ ಶಾಲೆಯ ಮಗುವಿಗೂ ತಿಳಿದಿರುವಂಥದು.

ದ್ಮಿತ್ರಿ ಇವಾನೊವಿಚ್ ಮೆಂಡಲೀಫ್ ಎಂಬುದು ಆತನ ಪೂರ್ಣನಾಮ. ನಾನು ರಸಾಯನಶಾಸ್ತ್ರವನ್ನು ಓದಿದವನಲ್ಲ. ಕನ್ನಡ ಪಾಠ ಹೇಳುವವನು. ಆದರೆ ನಮ್ಮ ಕಾಲೇಜಿನಲ್ಲಿ ಕೊಠಡಿಗಳ ಅಭಾವ. ವಿಜ್ಞಾನ ವಿದ್ಯಾರ್ಥಿಗಳ ಕನ್ನಡ ತರಗತಿಗಳು ಎಷ್ಟೋ ವರ್ಷಗಳಿಂದ ರಸಾಯನಶಾಸ್ತ್ರದ ಉಪನ್ಯಾಸ ಮಂದಿರದಲ್ಲಿಯೇ ನಡೆಯುತ್ತಿವೆ. ಪಂಪನನ್ನು ಬೋಧಿಸುವಾಗಲೂ ಕುಮಾರವ್ಯಾಸನನ್ನು ಬೋಧಿಸುವಾಗಲೂ ನನ್ನ ಬೆನ್ನ ಹಿಂದೆ ತೂಗುತ್ತಿರುವುದು ಮೆಂಡಲೀಫನ ಕೋಷ್ಟಕ. ದಿನವೂ ಎದುರಾಗುವ ಅಪರಿಚಿತನ ಮನೆತನವನ್ನು ವಿಚಾರಿಸಬೇಕೆಂಬ ಕುತೂಹಲ ಸಹಜವಾದದ್ದು. ಹಾಗೆ ವಿಚಾರಿಸಹೊರಟವನಿಗೆ ದೊರೆತ ಜೀವನ ಇದು.

ಆತನು ಹುಟ್ಟಿದ್ದು 1834ರ ಫೆಬ್ರವರಿ 8ರಂದು, ಸೈಬೀರಿಯದ ತೊಬೋಲ್ಸ್ಕ್ ಪಟ್ಟಣದಲ್ಲಿ. ಹತ್ತು ಹನ್ನೆರಡಕ್ಕೂ ಮಿಕ್ಕ ಮಕ್ಕಳಲ್ಲಿ ಕಡೆಯವನು. ತಂದೆ ಇವಾನ್ ಪಾವ್ಲೊವಿಚ್ ಆ ಊರಿನ ಪ್ರೌಢಶಾಲೆಯ ಮುಖ್ಯಸ್ಥ. ಕಡೆಯ ಮಗ ಹುಟ್ಟಿದ ವರ್ಷವೇ ಆತನ ಕಣ್ಣಿಗೆ ಪೊರೆ ಬಂದು ದೃಷ್ಟಿ ಹೋಯಿತು, ಕೆಲಸವೂ ಹೋಯಿತು. ಸಂಸಾರದ ನೊಗ ತಾಯಿ ಮರಿಯಾ ದ್ಮಿತ್ರಿಯೆವ್ನಳ ಹೆಗಲಿಗೆ ಬಿತ್ತು. ಸಮೀಪದ ಅರೆಮ್ಜ್ಯಾಂಕ ಎಂಬ ಹಳ್ಳಿಯಲ್ಲಿ ಆಕೆಯ ತವರಿನವರದೊಂದು ಗಾಜಿನ ಕಾರ್ಖಾನೆ ಇದ್ದಿತು. ಆಕೆ ಸಂಸಾರ ಸಮೇತ ಅಲ್ಲಿಗೆ ಹೋಗಿ ನಿಂತು, ಕುಲುಮೆಯ ಲೆಕ್ಕಪತ್ರ, ಆಳುಕಾಳುಗಳ ಉಸ್ತುವಾರಿ, ಮಕ್ಕಳ ಊಟ ಉಡುಗೆ ಎಲ್ಲವನ್ನೂ ಒಬ್ಬಳೇ ನಡೆಸಿದಳು. ಮರಳು ಕರಗಿ ಗಾಜಾಗುವುದನ್ನು ನೋಡುತ್ತ ಬೆಳೆದ ಹುಡುಗನಿಗೆ ಶಾಲೆಯಲ್ಲಿ ಗಣಿತ ಒಲಿಯಿತು, ಲ್ಯಾಟಿನ್ ಒಲಿಯಲಿಲ್ಲ. ಅಕ್ಕ ಓಲ್ಗಳ ಗಂಡ ಬಸಾರ್ಗಿನ್, ಡಿಸೆಂಬ್ರಿಸ್ಟ್ ದಂಗೆಯಲ್ಲಿ ಸೇರಿ ಗಡಿಪಾರಾಗಿ ಸೈಬೀರಿಯಕ್ಕೆ ಬಂದಿದ್ದವನು. ಹುಡುಗನ ವಿಜ್ಞಾನದ ಒಲವಿಗೆ ನೀರೆರೆದವರಲ್ಲಿ ಈ ಭಾವನೂ ಒಬ್ಬ.

1847ರಲ್ಲಿ ತಂದೆ ತೀರಿಕೊಂಡನು. ಮರುವರ್ಷ ಗಾಜಿನ ಕಾರ್ಖಾನೆಗೆ ಬೆಂಕಿ ಬಿದ್ದಿತು. ಅಲ್ಲಿಗೆ ಯಾವ ತಾಯಿಯಾದರೂ ಕೈಚೆಲ್ಲಿ ಕುಳಿತಿದ್ದರೆ ಯಾರೂ ತಪ್ಪೆಣಿಸುತ್ತಿರಲಿಲ್ಲ. ಮರಿಯಾ ಮಾಡಿದ್ದೇ ಬೇರೆ. 1849ರಲ್ಲಿ, ಮಗನ ಶಾಲೆಯ ಓದು ಮುಗಿದೊಡನೆ, ಉಳಿದ ಅಷ್ಟಿಷ್ಟು ಹಣವನ್ನು ಗಂಟುಕಟ್ಟಿಕೊಂಡು, ಕಡೆಯ ಮಗನನ್ನೂ ಮಗಳು ಎಲಿಜವೇಟಳನ್ನೂ ಕರೆದುಕೊಂಡು, 2000 ಕಿಲೋಮೀಟರಿಗೂ ಮಿಕ್ಕ ದೂರದ ಮಾಸ್ಕೋ ನಗರಕ್ಕೆ ಕುದುರೆಗಾಡಿಯಲ್ಲಿ ಹೊರಟಳು. ಸೈಬೀರಿಯದ ಹುಡುಗರಿಗೆ ಕಜಾನ್ ವಿಶ್ವವಿದ್ಯಾನಿಲಯವೇ ಗತಿಯೆಂಬ ನಿಯಮವನ್ನು ಮುಂದೊಡ್ಡಿ ಮಾಸ್ಕೋ ವಿಶ್ವವಿದ್ಯಾನಿಲಯ ಬಾಗಿಲು ಮುಚ್ಚಿತು. ಆಕೆ ಅಲ್ಲಿಂದ ಸೇಂಟ್ ಪೀಟರ್ಸ್‌ಬರ್ಗಿಗೆ ನಡೆದಳು. ಗಂಡ ಓದಿದ್ದ ಪ್ರಧಾನ ಶಿಕ್ಷಣ ಸಂಸ್ಥೆ, ಅಂದರೆ ಉಪಾಧ್ಯಾಯರನ್ನು ತಯಾರುಮಾಡುವ ಶಾಲೆ, 1850ರಲ್ಲಿ ಮಗನನ್ನು ಸರ್ಕಾರದ ಖರ್ಚಿನಲ್ಲಿ ಸೇರಿಸಿಕೊಂಡಿತು. ಹೊಣೆ ತೀರಿತೆಂಬಂತೆ ಆ ತಾಯಿ ಅದೇ ವರ್ಷ ಕಣ್ಣುಮುಚ್ಚಿದಳು. 37 ವರ್ಷಗಳ ಅನಂತರ ಮೆಂಡಲೀಫ್ ದ್ರಾವಣಗಳನ್ನು ಕುರಿತ ತನ್ನ ದೊಡ್ಡ ಗ್ರಂಥವನ್ನು ಆಕೆಗೆ ಅರ್ಪಿಸಿ, ಕಾರ್ಖಾನೆ ನಡೆಸಿ ತನ್ನನ್ನು ಸಾಕಿದುದನ್ನೂ, ಕೊನೆಯ ಕಾಸನ್ನೂ ಕೊನೆಯ ಶಕ್ತಿಯನ್ನೂ ತನ್ನ ವಿದ್ಯೆಗೆಂದು ಸುರಿದುದನ್ನೂ, ಮಾತಿಗಿಂತ ಕೆಲಸವನ್ನು ನಂಬೆಂದು ಸಾಯುವಾಗ ಹೇಳಿದುದನ್ನೂ ಅರ್ಪಣೆಯ ಪುಟದಲ್ಲಿ ಬರೆದನು. ಕೋಷ್ಟಕದ ಕಥೆಯಲ್ಲಿ ಈ ಹೆಂಗಸಿಗೆ ಒಂದು ಪುಟವಾದರೂ ಸಲ್ಲಬೇಕು. ಬರಿಗೈಯಲ್ಲಿ ನಿಂತು, ಕಾಣದ ಫಲವನ್ನು ನಂಬಿ ಸರ್ವಸ್ವವನ್ನೂ ಪಣವಿಡುವ ಗುಣ ಮಗನಿಗೆ ಬಂದದ್ದು ಎಲ್ಲಿಂದ ಎಂದು ಬೇರೆ ಹುಡುಕಬೇಕಾಗಿಲ್ಲ.

1855ರಲ್ಲಿ ಆತನು ಚಿನ್ನದ ಪದಕದೊಡನೆ ತೇರ್ಗಡೆಯಾದನು. ಎದೆಯಲ್ಲಿ ರಕ್ತ ಕಾಣಿಸಿಕೊಂಡು ಕ್ಷಯವೆಂದು ವೈದ್ಯರು ಶಂಕಿಸಿದುದರಿಂದ, ಬೆಚ್ಚಗಿನ ಹವೆಯ ಕ್ರಿಮಿಯಾಕ್ಕೆ ಉಪಾಧ್ಯಾಯನಾಗಿ ಹೋದನು. ಆಗ ಅಲ್ಲಿ ಯುದ್ಧ ನಡೆಯುತ್ತಿದ್ದಿತು. ಕ್ಷಯವೆಂಬುದು ಸುಳ್ಳಾಯಿತು. ಅನಂತರ ಕೆಲಕಾಲ ಒಡೆಸ್ಸದಲ್ಲಿ ಪಾಠ ಹೇಳಿ ರಾಜಧಾನಿಗೆ ಹಿಂದಿರುಗಿ, 1859ರಲ್ಲಿ ಹೆಚ್ಚಿನ ಅಭ್ಯಾಸಕ್ಕಾಗಿ ಜರ್ಮನಿಯ ಹೈಡೆಲ್‌ಬರ್ಗಿಗೆ ತೆರಳಿದನು.

ಹೈಡೆಲ್‌ಬರ್ಗಿನಲ್ಲಿ ಇದ್ದುದರ ದೊಡ್ಡ ಲಾಭ 1860ರ ಸೆಪ್ಟೆಂಬರಿನಲ್ಲಿ ಹತ್ತಿರದ ಕಾರ್ಲ್ಸ್‌ರೂಹೆ ನಗರದಲ್ಲಿ ನಡೆದ ಸಮ್ಮೇಳನಕ್ಕೆ ಹೋಗಲು ಸಾಧ್ಯವಾದದ್ದು. ಅಂದಿನ ರಸಾಯನಶಾಸ್ತ್ರದ ಅವಸ್ಥೆ ಕೇಳುವಂತಿರಲಿಲ್ಲ. ಆಮ್ಲಜನಕದ ಪರಮಾಣು ತೂಕ 8 ಎಂದು ಕೆಲವರು, 16 ಎಂದು ಕೆಲವರು. ವಿನಿಗರಿನಲ್ಲಿರುವ ಅಸಿಟಿಕ್ ಆಮ್ಲವೊಂದಕ್ಕೇ 19 ಬಗೆಯ ಸೂತ್ರಗಳು ಬಳಕೆಯಲ್ಲಿದ್ದುದನ್ನು ಕೆಕುಲೆ ತನ್ನ ಪಠ್ಯಪುಸ್ತಕದಲ್ಲಿ ಪಟ್ಟಿಮಾಡಿ ತೋರಿಸಿದನು. ಇಂಥ ಗೊಂದಲದಲ್ಲಿ ಇಟಲಿಯ ಕನ್ನಿತ್ಸಾರೊ, ಅವೊಗಾಡ್ರೊ ಹೇಳಿಟ್ಟು ಎಲ್ಲರೂ ಮರೆತಿದ್ದ ಮಾತನ್ನು ಹಿಡಿದು, ಪರಮಾಣು ತೂಕಗಳನ್ನು ನಿಷ್ಕರ್ಷಿಸುವ ಸರಿಯಾದ ಮಾರ್ಗವನ್ನು ತೋರಿಸಿದನು. ಸಮ್ಮೇಳನದ ಕೊನೆಯಲ್ಲಿ ಆತನ ಕಿರುಹೊತ್ತಗೆಯನ್ನು ಹಂಚಲಾಯಿತು. 26 ವರ್ಷದ ಮೆಂಡಲೀಫ್ ಅದನ್ನು ಓದಿ, ಆ ಸಮ್ಮೇಳನದ ವರದಿಯನ್ನು ಪೀಟರ್ಸ್‌ಬರ್ಗಿನ ತನ್ನ ಗುರುವಿಗೆ ಉತ್ಸಾಹದಿಂದ ಬರೆದು ಕಳುಹಿಸಿದನು. ಸರಿಯಾದ ತೂಕಗಳಿಲ್ಲದೆ ಮುಂದಿನ ಕೆಲಸ ಯಾರಿಂದಲೂ ಆಗುತ್ತಿರಲಿಲ್ಲ.

ಮುಂದಿನ ಕೆಲಸ ಎಂದೆ. ಅದು ಹೊಸದಾಗಿ ಹೊಳೆದದ್ದೇನೂ ಅಲ್ಲ. ಜರ್ಮನಿಯ ಡ್ಯೋಬರೈನರ್ 1829ರಲ್ಲಿಯೇ, ಒಂದೇ ಸ್ವಭಾವದ ಮೂರು ಮೂರು ಧಾತುಗಳಲ್ಲಿ ನಡುವಿನದರ ತೂಕ ಅಕ್ಕಪಕ್ಕದವುಗಳ ಸರಾಸರಿಗೆ ಬರುವುದನ್ನು ಗುರುತಿಸಿದ್ದನು. ಲಿಥಿಯಂ 7, ಪೊಟಾಸಿಯಂ 39. ನಡುವಣ ಸೋಡಿಯಂ 23. ಫ್ರಾನ್ಸಿನ ಶಾಂಕೂರ್ತುವಾ 1862ರಲ್ಲಿ ಧಾತುಗಳನ್ನು ಕಂಬಕ್ಕೆ ಸುತ್ತಿದ ಬಳ್ಳಿಯಂತೆ ಬರೆದು ತೋರಿಸಿದನು. ಇಂಗ್ಲೆಂಡಿನ ನ್ಯೂಲೆಂಡ್ಸ್, ತೂಕದ ಕ್ರಮದಲ್ಲಿ ಬರೆದರೆ ಪ್ರತಿ ಎಂಟನೆಯ ಧಾತು ಸಂಗೀತದ ಮೇಲಿನ ಷಡ್ಜದಂತೆ ಮೊದಲನೆಯದನ್ನು ಹೋಲುತ್ತದೆಂದನು. 1866ರಲ್ಲಿ ಲಂಡನ್ನಿನ ವಿದ್ವತ್ಸಭೆಯಲ್ಲಿ ಎದ್ದುನಿಂತ ಪಂಡಿತನೊಬ್ಬ, ಧಾತುಗಳ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಿ ನೋಡಿದ್ದುಂಟೋ ಎಂದು ಆತನನ್ನು ಗೇಲಿಮಾಡಿದನು. ಜರ್ಮನಿಯ ಲೋಥರ್ ಮೆಯರ್‌ನಂತೂ ಮೆಂಡಲೀಫನ ಬೆನ್ನಿಗೇ ಇದ್ದನು. ದಾರಿಯಲ್ಲಿ ಹಲವರು ನಡೆಯುತ್ತಿದ್ದರೆಂಬುದನ್ನು ಮರೆಯಬಾರದು.

ಮೆಂಡಲೀಫನನ್ನು ಆ ದಾರಿಗೆ ತಳ್ಳಿದ್ದು ಪಠ್ಯಪುಸ್ತಕದ ಸಂಕಟ. ಅಧ್ಯಾಪಕರಾದ ಓದುಗರಿಗೆ ಇದು ಬೇಗ ಅರ್ಥವಾದೀತು. 1867ರಲ್ಲಿ ಪೀಟರ್ಸ್‌ಬರ್ಗ್ ವಿಶ್ವವಿದ್ಯಾನಿಲಯದ ಪೀಠಕ್ಕೆ ಬಂದಾಗ, ವಿದ್ಯಾರ್ಥಿಗಳ ಕೈಗಿಡಲು ರಷ್ಯನ್ ಭಾಷೆಯಲ್ಲಿ ಒಪ್ಪುವಂಥ ಪುಸ್ತಕವಿಲ್ಲವೆಂದು ಆತನು ತಾನೇ ಬರೆಯತೊಡಗಿದನು. ಮೊದಲ ಸಂಪುಟ ಮುಗಿಯುವ ಹೊತ್ತಿಗೆ ಜಲಜನಕ, ಆಮ್ಲಜನಕ, ಸಾರಜನಕ, ಇಂಗಾಲ ಮತ್ತು ಕ್ಲೋರಿನ್ ಕುಲದ ನಾಲ್ಕು, ಅಂತೂ ಎಂಟು ಧಾತುಗಳ ಕಥೆ ಮುಗಿದಿತ್ತು. ಅಂದಿಗೆ ತಿಳಿದಿದ್ದವು 63. ಉಳಿದ 55ನ್ನು ಒಂದು ಸಂಪುಟದಲ್ಲಿ ಅಡಕಮಾಡಬೇಕು. ಯಾವುದರ ಅನಂತರ ಯಾವುದು? ಸೋಡಿಯಂ ಕುಲವನ್ನು ಕ್ಲೋರಿನ್ ಕುಲದ ಪಕ್ಕದಲ್ಲಿಟ್ಟು ತೂಕಗಳನ್ನು ನೋಡಿದನು. ಫ್ಲೋರಿನ್ 19, ಸೋಡಿಯಂ 23. ಕ್ಲೋರಿನ್ 35.5, ಪೊಟಾಸಿಯಂ 39. ಬ್ರೋಮಿನ್ 80, ರುಬಿಡಿಯಂ 85. ಅಯೊಡಿನ್ 127, ಸೀಸಿಯಂ 133. ಸ್ವಭಾವದಲ್ಲಿ ಎಣ್ಣೆ ಸೀಗೆಕಾಯಿಯಂತಿರುವ ಎರಡು ಕುಲಗಳು ತೂಕದಲ್ಲಿ ಹೀಗೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು.

1869ರ ಫೆಬ್ರವರಿ 17, ನಮ್ಮ ಪಂಚಾಂಗದಂತೆ ಮಾರ್ಚ್ 1. ಗ್ರಾಮಗಳ ಗಿಣ್ಣದ ಸಹಕಾರ ಸಂಘಗಳನ್ನು ತನಿಖೆಮಾಡಲು ಅಂದು ಆತನು ಪ್ರಯಾಣ ಹೊರಡಬೇಕಾಗಿತ್ತು. ಆ ಕುರಿತು ಬಂದ ಪತ್ರದ ಬೆನ್ನಮೇಲೆಯೇ ಧಾತುಗಳ ತೂಕಗಳನ್ನು ಗೀಚಿದ್ದಾನೆ; ಬಟ್ಟಲಿನ ಅಡಿಯ ಗುರುತು ಅದರ ಮೇಲೆ ಇಂದಿಗೂ ಇದೆ. ಪ್ರಯಾಣ ನಿಂತಿತು. ಒಂದೊಂದು ಧಾತುವನ್ನೂ ಒಂದೊಂದು ಚೀಟಿಯಲ್ಲಿ ಬರೆದು ಇಸ್ಪೀಟಿನ ಎಲೆಗಳಂತೆ ಹರಡಿ ಜೋಡಿಸಿದನೆಂದೂ, ಬಳಲಿ ನಿದ್ರೆಹೋದಾಗ ಕನಸಿನಲ್ಲಿ ಕೋಷ್ಟಕವನ್ನು ಕಂಡನೆಂದೂ ಕಥೆಯುಂಟು. ಕನಸಿನ ಕಥೆ ಗೆಳೆಯನೊಬ್ಬ ಹೇಳಿದ್ದು. ಮೆಂಡಲೀಫನಾದರೋ, ತಾನು ಈ ವಿಷಯವನ್ನು ಸುಮಾರು 20 ವರ್ಷಗಳಿಂದ ಯೋಚಿಸುತ್ತಿದ್ದೆನೆಂದು ಪತ್ರಿಕೆಯವರಿಗೆ ತಿಳಿಸಿದನು. ನನಗೆ ಎರಡನೆಯದೇ ಹೆಚ್ಚು ರುಚಿಸುತ್ತದೆ. ಅಂದೇ ಸಂಜೆಯ ವೇಳೆಗೆ ಕೋಷ್ಟಕ ಸಿದ್ಧವಾಯಿತು. ಅಚ್ಚಾದ ಪ್ರತಿಗಳು ವಿದ್ವಾಂಸರಿಗೆ ಹೋದವು. ಮಾರ್ಚ್ ತಿಂಗಳಲ್ಲಿ ರಷ್ಯದ ರಸಾಯನ ಸಂಘದ ಸಭೆಯಲ್ಲಿ ಲೇಖನವನ್ನು ಆತನ ಪರವಾಗಿ ಓದಿದವನು ಮಿತ್ರನಾದ ಮೆನ್ಷುಟ್ಕಿನ್.

ಆ ಕೋಷ್ಟಕದ ಮರ್ಮವೇನು? ಧಾತುಗಳನ್ನು ತೂಕದ ಕ್ರಮದಲ್ಲಿ ಅಡ್ಡಸಾಲಾಗಿ ಬರೆಯುತ್ತ ಹೋದರೆ ಗುಣಗಳು ಮೆಲ್ಲಮೆಲ್ಲನೆ ಬದಲಾಗುತ್ತವೆ. ಒಂದು ಘಟ್ಟಕ್ಕೆ ಬಂದು ತಟ್ಟನೆ ಮೊದಲಿಗೆ ಮರಳುತ್ತವೆ. ಲಿಥಿಯಂ ಚಾಕುವಿನಿಂದ ಕೊಯ್ಯಬಹುದಾದ ಮೆದು ಲೋಹ. ಅದರಿಂದ ಮುಂದೆ ಬೆರಿಲಿಯಂ, ಬೋರಾನ್, ಇಂಗಾಲ. ಲೋಹತ್ವ ಹಂತಹಂತವಾಗಿ ಇಳಿಯುತ್ತದೆ. ಸಾರಜನಕ, ಆಮ್ಲಜನಕ ಅನಿಲಗಳು; ಫ್ಲೋರಿನ್ ಎಲ್ಲವನ್ನೂ ಕಚ್ಚಿ ತಿನ್ನುವ ಉಗ್ರ ಅನಿಲ. ಅದನ್ನು ದಾಟಿದರೆ ಸೋಡಿಯಂ. ಲಿಥಿಯಮ್ಮಿನ ತಮ್ಮನಂತಹ ಮೆದು ಲೋಹ ಮತ್ತೆ ಬಂದಿತು. ಕೂಡಿಕೊಳ್ಳುವ ಶಕ್ತಿಯೂ ಹೀಗೆಯೇ. ಲಿಥಿಯಂ ಒಂದು ಕ್ಲೋರಿನ್ ಪರಮಾಣುವನ್ನು ಹಿಡಿದರೆ ಬೆರಿಲಿಯಂ ಎರಡನ್ನು, ಬೋರಾನ್ ಮೂರನ್ನು, ಇಂಗಾಲ ನಾಲ್ಕನ್ನು ಹಿಡಿಯುತ್ತದೆ. ಅಲ್ಲಿಂದಾಚೆಗೆ ಸಾರಜನಕ ಮೂರು ಜಲಜನಕವನ್ನು, ಆಮ್ಲಜನಕ ಎರಡನ್ನು, ಫ್ಲೋರಿನ್ ಒಂದನ್ನು. ದಿಬ್ಬ ಹತ್ತಿ ಇಳಿದಂತೆ. ಎರಡನೆಯ ಸಾಲಿನಲ್ಲಿ ಸೋಡಿಯಮ್ಮಿನ ಆಕ್ಸೈಡ್ ತೀಕ್ಷ್ಣ ಕ್ಷಾರ, ಮೆಗ್ನೀಸಿಯಮ್ಮಿನದು ಮೃದು, ಅಲ್ಯೂಮಿನಿಯಮ್ಮಿನದು ಎರಡು ಕಡೆಗೂ ಸಲ್ಲುವಂಥದು. ರಂಜಕದ್ದು ಆಮ್ಲ, ಗಂಧಕದ್ದು ಉಗ್ರ ಆಮ್ಲ. ಇನ್ನು ಮೇಲಿನಿಂದ ಕೆಳಕ್ಕೆ ನೋಡಿರಿ. ನೀರಿಗೆ ಹಾಕಿದರೆ ಲಿಥಿಯಂ ಸಮಾಧಾನವಾಗಿ ಗುಳ್ಳೆಯೇಳಿಸುತ್ತದೆ, ಸೋಡಿಯಂ ಕರಗಿ ಉಂಡೆಯಾಗಿ ಓಡಾಡುತ್ತದೆ, ಪೊಟಾಸಿಯಂ ನೇರಳೆಯ ಜ್ವಾಲೆಯಾಗಿ ಉರಿಯುತ್ತದೆ, ಸೀಸಿಯಂ ಸಿಡಿಯುತ್ತದೆ. ಆಚೆಯ ಕೊನೆಯಲ್ಲಿ ಇದಕ್ಕೆ ವಿರುದ್ಧ: ಫ್ಲೋರಿನ್ನಿನ ಉಗ್ರತೆ ಕ್ಲೋರಿನ್ನಿನಲ್ಲಿ ಕಡಿಮೆ, ದ್ರವವಾದ ಬ್ರೋಮಿನ್ನಿನಲ್ಲಿ ಇನ್ನೂ ಕಡಿಮೆ, ಘನವಾದ ಅಯೊಡಿನ್ನಿನಲ್ಲಿ ಮತ್ತೂ ಕಡಿಮೆ.

ಕನ್ನಡ ಮೇಷ್ಟರಿಗೆ ಇಂಥ ಜೋಡಣೆ ಹೊಸತಲ್ಲ. ನಮ್ಮ ವರ್ಗೀಯ ವ್ಯಂಜನಗಳನ್ನು ನೆನೆಯಿರಿ. ಕ, ಚ, ಟ, ತ, ಪ ಎಂದು ಕೆಳಗಿಳಿದಂತೆ ಉಚ್ಚಾರಣೆಯ ಸ್ಥಾನ ಕಂಠದಿಂದ ತುಟಿಯ ಕಡೆಗೆ ಬರುತ್ತದೆ. ಅಡ್ಡಕ್ಕೆ ಹೋದಂತೆ ಅಲ್ಪಪ್ರಾಣ ಮಹಾಪ್ರಾಣ, ಅಘೋಷ ಘೋಷ, ಕೊನೆಗೆ ಅನುನಾಸಿಕ. 25 ಮನೆಗಳಲ್ಲಿ ಧಕಾರದ ಮನೆಯನ್ನು ಯಾರಾದರೂ ಅಳಿಸಿಬಿಟ್ಟರೆಂದು ತಿಳಿಯೋಣ. ಎಡಕ್ಕೆ ದ, ಬಲಕ್ಕೆ ನ, ಮೇಲೆ ಢ, ಕೆಳಗೆ ಭ. ಈ ನಾಲ್ಕು ನೆರೆಹೊರೆಯನ್ನು ಬಲ್ಲವನಿಗೆ, ಅಳಿಸಿಹೋದ ಅಕ್ಷರವನ್ನು ಕೇಳದಿದ್ದರೂ ಅದು ದಂತ್ಯವೆಂದೂ ಘೋಷವೆಂದೂ ಮಹಾಪ್ರಾಣವೆಂದೂ ಹೇಳಲು ಕಷ್ಟವಿಲ್ಲ. ಮೆಂಡಲೀಫನ ಪದ್ಧತಿ ಸರಿಯಾಗಿ ಇದೇ. ಸೆಲೆನಿಯಮ್ಮಿನ ಮೇಲಿರುವ ಗಂಧಕ 32, ಕೆಳಗಿನ ಟೆಲ್ಯೂರಿಯಂ 128, ಎಡದ ಆರ್ಸೆನಿಕ್ 75, ಬಲದ ಬ್ರೋಮಿನ್ 80. ಕೂಡಿಸಿ ನಾಲ್ಕರಿಂದ ಭಾಗಿಸಿದರೆ 79ಕ್ಕೆ ಸ್ವಲ್ಪ ಕಡಿಮೆ. ಸೆಲೆನಿಯಮ್ಮಿನ ತೂಕ 79.

ಇತರರು ಇದನ್ನು ಸೊಗಸಾದ ಪಟ್ಟಿಯೆಂದು ಬಗೆದರು. ಮೆಂಡಲೀಫ್ ನಿಸರ್ಗದ ಶಾಸನವೆಂದು ಬಗೆದನು. ಶಾಸನವೆಂದ ಮೇಲೆ, ಅದಕ್ಕೆ ಹೊಂದದ ಅಂಕೆಗಳೇ ತಪ್ಪು! ಬೆರಿಲಿಯಮ್ಮಿನ ತೂಕ 14ರ ಹತ್ತಿರವೆಂದು ಬಹುಮಂದಿ ನಂಬಿದ್ದರು. ಹಾಗಾದರೆ ಅದು ಸಾರಜನಕದ ಮನೆಯಲ್ಲಿ ಹೋಗಿ ಕೂರಬೇಕು. ಸಲ್ಲದೆಂದು ಆತನು ಅದನ್ನು 9ಕ್ಕೆ ಇಳಿಸಿದನು. ಇಂಡಿಯಮ್ಮನ್ನು 76ರಿಂದ 114ರ ಹತ್ತಿರಕ್ಕೆ ಏರಿಸಿದನು. ಯುರೇನಿಯಮ್ಮಿನ 120ನ್ನು ಇಮ್ಮಡಿಮಾಡಿ 240 ಎಂದನು. ತಕ್ಕಡಿ ಹಿಡಿದು ತೂಗಿದವರ ಮುಂದೆ, ಕಾಗದದ ಮೇಲೆ ಗೆರೆ ಎಳೆದವನೊಬ್ಬ ಹೀಗೆ ತೀರ್ಪು ಕೊಟ್ಟುದನ್ನು ಅಂದಿನವರು ಉದ್ಧಟತನವೆಂದು ಕಂಡಿದ್ದರೆ ಆಶ್ಚರ್ಯವಿಲ್ಲ. ಸ್ವೀಡನ್ನಿನ ನಿಲ್ಸನ್ ಮತ್ತು ಪೆಟರ್ಸನ್ ಬೆರಿಲಿಯಮ್ಮಿನ ವಿಷಯದಲ್ಲಿ ಆತನನ್ನು ಬಲವಾಗಿ ವಿರೋಧಿಸಿದರು. 1884ರಲ್ಲಿ ಬೆರಿಲಿಯಂ ಕ್ಲೋರೈಡಿನ ಆವಿಯನ್ನು ಅಳೆದು, 9 ಎಂಬುದೇ ಸರಿಯೆಂದು ಒಪ್ಪಿದವರೂ ಅವರೇ.

ತೆರವು ಮನೆಗಳದು ಇದಕ್ಕಿಂತ ದೊಡ್ಡ ಸಾಹಸ. 1869ರ ಕೋಷ್ಟಕದಲ್ಲಿಯೇ 45, 68, 70 ಎಂಬ ಅಂಕೆಗಳ ಮುಂದೆ ಹೆಸರಿನ ಬದಲು ಪ್ರಶ್ನೆಯ ಗುರುತುಗಳಿದ್ದವು. 1871ರಲ್ಲಿ ಆ ಗುರುತುಗಳಿಗೆ ಹೆಸರೂ ಲಕ್ಷಣಗಳೂ ಬಂದವು. ಪಣದಲ್ಲಿ ಇದ್ದದ್ದು ಇಷ್ಟು: ಒಂದು ಧಾತು ಬೇರೆ ಗುಣಗಳನ್ನು ಹೊತ್ತು ಬಂದಿದ್ದರೂ ಸಾಕು, ನ್ಯೂಲೆಂಡ್ಸನನ್ನು ನಕ್ಕವರು ಇವನನ್ನೂ ನಗುತ್ತಿದ್ದರು, ಕೋಷ್ಟಕ ಪಠ್ಯಪುಸ್ತಕದ ಒಂದು ಅನುಕೂಲವಾಗಿ ಉಳಿದುಬಿಡುತ್ತಿತ್ತು. ನಾಲ್ಕು ವರ್ಷ ಏನೂ ನಡೆಯಲಿಲ್ಲ.

1875ರ ಆಗಸ್ಟಿನಲ್ಲಿ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್, ಪಿರೆನೀಸ್ ಪರ್ವತದ ಸತುವಿನ ಅದಿರನ್ನು ರೋಹಿತದರ್ಶಕದಲ್ಲಿ ಪರೀಕ್ಷಿಸುವಾಗ ಅದುವರೆಗೆ ಕಾಣದ ನೇರಳೆ ಗೆರೆಗಳನ್ನು ಕಂಡನು. ಹೊಸ ಲೋಹಕ್ಕೆ ಗ್ಯಾಲಿಯಂ ಎಂದು ಹೆಸರಾಯಿತು. ಇದು ತನ್ನ ಏಕ-ಅಲ್ಯೂಮಿನಿಯಮ್ಮೇ ಎಂದು ಮೆಂಡಲೀಫ್ ಕೂಡಲೆ ಸಾರಿದನು. ಆದರೆ ಫ್ರೆಂಚ್ ವಿದ್ವಾಂಸನು ಅಳೆದ ಸಾಂದ್ರತೆ 4.7, ಮೆಂಡಲೀಫ್ ಮುನ್ನುಡಿದದ್ದು 5.9. ಲೋಹವನ್ನು ಇನ್ನೂ ಶುದ್ಧಿಮಾಡಿ ಮತ್ತೆ ಅಳೆಯಬೇಕೆಂದು ಆತನು ಬರೆದನು. ಲೋಹವನ್ನು ಕೈಯಲ್ಲಿ ಹಿಡಿದವನಿಗೆ, ಅದನ್ನು ಎಂದೂ ನೋಡದವನು ಹೇಳುವ ಮಾತೇ ಇದು? ಬ್ವಾಬೋದ್ರಾನ್ ಸಜ್ಜನ, ಮತ್ತೆ ಶುದ್ಧಿಮಾಡಿ ಅಳೆದನು. 5.9 ಬಂದಿತು. ಅಂಗೈಯ ಬಿಸಿಗೇ ಕರಗುವ ಆ ವಿಚಿತ್ರ ಲೋಹದ ಪರಮಾಣು ತೂಕ 69.7, ಮೆಂಡಲೀಫ್ ಹೇಳಿದ್ದು 68.

1879ರಲ್ಲಿ ಸ್ಕ್ಯಾಂಡಿಯಂ ಬಂದಿತು. ತೂಕ 45, ಮುನ್ನುಡಿದದ್ದು 44. ಕಂಡುಹಿಡಿದವನು ಮತ್ತಾರೂ ಅಲ್ಲ, ಬೆರಿಲಿಯಮ್ಮಿನ ವಿಷಯದಲ್ಲಿ ಎದುರಾಳಿಯಾಗಿದ್ದ ಆ ನಿಲ್ಸನ್ನೇ. ಇದೇ ಏಕ-ಬೋರಾನ್ ಎಂದು ತೋರಿಸಿದವನು ಆತನ ದೇಶದವನೇ ಆದ ಕ್ಲೀವ್.

ಮೂರನೆಯದರ ಕಥೆ ಬಲು ಸ್ವಾರಸ್ಯದ್ದು. ಜರ್ಮನಿಯ ಫ್ರೈಬರ್ಗಿನಲ್ಲಿ ಕ್ಲೆಮೆನ್ಸ್ ವಿಂಕ್ಲರ್ ಹೊಸ ಖನಿಜವೊಂದನ್ನು ವಿಶ್ಲೇಷಿಸುತ್ತಿದ್ದನು. ಬೆಳ್ಳಿ ಇಷ್ಟು, ಗಂಧಕ ಇಷ್ಟು ಎಂದು ಕೂಡಿಸಿದರೆ ನೂರಕ್ಕೆ 7 ಪಾಲಿನಷ್ಟು ಕೊರತೆ. ಎಷ್ಟು ಸಲ ಮಾಡಿದರೂ ಲೆಕ್ಕ ಕೂಡದು. ಆ 7 ಪಾಲಿನಲ್ಲಿ ಅಡಗಿದ್ದ ಧಾತುವನ್ನು 1886ರಲ್ಲಿ ಹೊರತೆಗೆದು ಜರ್ಮೇನಿಯಂ ಎಂದು ಕರೆದನು. ವಿಂಕ್ಲರ್ ಅದನ್ನು ಆಂಟಿಮನಿಯ ಕೆಳಗಿನ ತೆರವಿಗೆ ಸೇರಿದ್ದೆಂದು ಭಾವಿಸಿದನು. ಸ್ವತಃ ಮೆಂಡಲೀಫನು ಕ್ಯಾಡ್ಮಿಯಮ್ಮಿನ ಕೆಳಗಿನದೆಂದು ಊಹಿಸಿದನು! ಏಕ-ಸಿಲಿಕಾನ್ ಅದೇ ಎಂದು ಗುರುತಿಸಿದವನು ರಿಖ್ಟರ್. ತನ್ನ ಮಗುವನ್ನು ತಾನೇ ಗುರುತಿಸದಿದ್ದ ತಂದೆಯ ಸ್ಥಿತಿ. ಆದರೆ ಅಳತೆಗಳು ಬಂದಾಗ ಸಂದೇಹಕ್ಕೆ ಎಡೆಯೇ ಉಳಿಯಲಿಲ್ಲ. ತೂಕ 72 ಎಂದಿದ್ದನು, 72.3 ಬಂದಿತು. ಆಕ್ಸೈಡಿನ ಸಾಂದ್ರತೆ 4.7 ಎಂದಿದ್ದನು, 4.7 ಬಂದಿತು. ಕ್ಲೋರೈಡಿನ ಸಾಂದ್ರತೆ 1.9 ಎಂದೂ ಅದು 100 ಡಿಗ್ರಿಗಿಂತ ಕಡಿಮೆಯಲ್ಲಿ ಕುದಿಯುವುದೆಂದೂ ಹೇಳಿದ್ದನು, 1.887 ಬಂದಿತು, 86 ಡಿಗ್ರಿಯಲ್ಲಿ ಕುದಿಯಿತು.

ಆ ಏಕ ಶಬ್ದಕ್ಕೆ ಬರೋಣ. ಇಲ್ಲದ ಧಾತುಗಳಿಗೆ ಹೊಸ ಹೆಸರು ಕಟ್ಟುವುದು ಬೇಡವೆಂದು, ಗುಂಪಿನಲ್ಲಿ ಮೇಲಿರುವ ಧಾತುವಿನ ಹೆಸರಿನ ಹಿಂದೆ ಏಕ, ದ್ವಿ, ತ್ರಿ ಎಂಬ ಸಂಸ್ಕೃತ ಸಂಖ್ಯಾವಾಚಕಗಳನ್ನು ಸೇರಿಸಿದ್ದಾಗಿ ಮೆಂಡಲೀಫ್ ತಾನೇ ಬರೆದಿದ್ದಾನೆ. ಗ್ರೀಕನ್ನೂ ಲ್ಯಾಟಿನ್ನನ್ನೂ ಬಿಟ್ಟು ಸಂಸ್ಕೃತವೇ ಏಕೆ? ಆ ವರ್ಷಗಳಲ್ಲಿಯೇ ಪೀಟರ್ಸ್‌ಬರ್ಗಿನ ವಿದ್ವತ್ಪರಿಷತ್ತು ಬ್ಯೋಟ್‌ಲಿಂಕ್ ಮತ್ತು ರೋಟ್ ಸಿದ್ಧಪಡಿಸಿದ ಸಂಸ್ಕೃತ ಮಹಾಕೋಶವನ್ನು ಪ್ರಕಟಿಸುತ್ತಿದ್ದಿತು. 1855ರಿಂದ 1875ರವರೆಗೆ ಏಳು ಸಂಪುಟಗಳು. ಬ್ಯೋಟ್‌ಲಿಂಕ್ ಪಾಣಿನಿಯ ಅಷ್ಟಾಧ್ಯಾಯಿಯನ್ನು ಸಂಪಾದಿಸಿದವನು. ಶಿವಸೂತ್ರಗಳ ವರ್ಣಕ್ರಮ ಮೆಂಡಲೀಫನಿಗೆ ದಾರಿ ತೋರಿಸಿರಬಹುದೆಂದು ಭಾಷಾವಿಜ್ಞಾನಿ ಪಾಲ್ ಕಿಪಾರ್ಸ್ಕಿ ಊಹಿಸಿದ್ದಾನೆ. ನಮ್ಮಲ್ಲಿ ಕೆಲವರು ಈ ಊಹೆಯನ್ನೇ ಪ್ರಮಾಣವಾಗಿ ಹಿಡಿದು, ಆವರ್ತ ಕೋಷ್ಟಕ ಪಾಣಿನಿಯ ಕೊಡುಗೆಯೆಂದು ವೇದಿಕೆಗಳಲ್ಲಿ ಸಾರಿಬಿಡುತ್ತಾರೆ. ಪಾಣಿನಿಗೆ ಇಂಥ ಎರವಲು ಕಿರೀಟದ ಅವಶ್ಯಕತೆಯಿಲ್ಲ. ದೂರದೇಶದ ವಿಜ್ಞಾನಿಯೊಬ್ಬ ತನ್ನ ಶ್ರೇಷ್ಠ ಊಹೆಗಳನ್ನು ನಮ್ಮ ಮೂರು ಶಬ್ದಗಳಿಂದ ಕರೆದನೆಂಬುದೇ ಸಾಕಷ್ಟು ಸಂತೋಷದ ವಿಷಯ.

ಕೀರ್ತಿ ಹೊರಗಿನಿಂದ ಬಂದಷ್ಟು ಮನೆಯಲ್ಲಿ ಬರಲಿಲ್ಲ. 1880ರಲ್ಲಿ ರಷ್ಯದ ಸಾಮ್ರಾಜ್ಯ ವಿಜ್ಞಾನ ಪರಿಷತ್ತಿನ ಚುನಾವಣೆಯಲ್ಲಿ ಆತನು ಸೋತನು. 1882ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಲೋಥರ್ ಮೆಯರ್‌ನೊಡನೆ ಆತನಿಗೆ ಡೇವಿ ಪದಕವನ್ನಿತ್ತಿತು. ಅದೇ ವರ್ಷ, ಮೊದಲ ಹೆಂಡತಿಯಿಂದ ವಿಚ್ಛೇದನ ಪಡೆದು, ಚಿತ್ರಕಲೆಯ ವಿದ್ಯಾರ್ಥಿನಿ ಅನ್ನಾ ಪೊಪೋವಳನ್ನು ಮದುವೆಯಾದನು. ಇದರಿಂದ ಆಡಿಕೊಳ್ಳುವವರ ಬಾಯಿಗೆ ಸಾಕಷ್ಟು ಆಹಾರ ದೊರೆಯಿತು. ರೇಪಿನ್‌ನಂಥ ಚಿತ್ರಕಾರರು ಆ ಮನೆಗೆ ಬಂದುಹೋಗುತ್ತಿದ್ದರು. ಆ ದಾಂಪತ್ಯದ ಮಗಳು ಲ್ಯುಬೋವ್ 1903ರಲ್ಲಿ ಕವಿ ಅಲೆಕ್ಸಾಂಡರ್ ಬ್ಲಾಕನನ್ನು ವರಿಸಿದಳು. ರಷ್ಯನ್ ಕಾವ್ಯದಲ್ಲಿ ಸುಂದರ ನಾಯಕಿಯಾಗಿ ಉಳಿದವಳು ಆಕೆ. ಗಡ್ಡ ಕೂದಲುಗಳನ್ನು ವರ್ಷಕ್ಕೊಮ್ಮೆ ಕತ್ತರಿಸಿಕೊಳ್ಳುತ್ತಿದ್ದ ಈ ಮಾವನ ಚಿತ್ರ ಯಾವ ಕಾವ್ಯನಾಯಕಿಯ ತಂದೆಗೂ ಒಪ್ಪುವಂತಿರಲಿಲ್ಲ.

1887ರ ಆಗಸ್ಟಿನಲ್ಲಿ ಸಂಪೂರ್ಣ ಸೂರ್ಯಗ್ರಹಣ. ಕ್ಲಿನ್ ಎಂಬ ಊರಿನಿಂದ ಬಲೂನಿನಲ್ಲಿ ಮೇಲೇರಿ, ಮೋಡಗಳಾಚೆ ನಿಂತು ಅದನ್ನು ನೋಡುವ ಏರ್ಪಾಡಾಗಿತ್ತು. ಬಲೂನು ಮಳೆಯಲ್ಲಿ ನೆನೆದು ಭಾರವಾಗಿ, ಇಬ್ಬರನ್ನು ಹೊರಲಾರದೆ ಹೋಯಿತು. ನಡೆಸಬಲ್ಲವನನ್ನು ಕೆಳಗಿಳಿಸಿ, ನಡೆಸಲು ಬಾರದ 53 ವರ್ಷದ ಪ್ರೊಫೆಸರ್ ಒಬ್ಬನೇ ಹೊರಟನು! ಗ್ರಹಣವನ್ನು ಕಂಡು ಕ್ಷೇಮವಾಗಿ ಇಳಿದನು. 1890ರಲ್ಲಿ ವಿದ್ಯಾರ್ಥಿಗಳ ಬೇಡಿಕೆಯ ಮನವಿಯನ್ನು ತಾನೇ ಒಯ್ದು ಶಿಕ್ಷಣ ಸಚಿವನಿಗೆ ತಲಪಿಸಿದನು. ಸಚಿವನು ಅದನ್ನು ತೆಗೆದುಕೊಳ್ಳದೆ ಹಿಂದಿರುಗಿಸಿದಾಗ, ಮೂರು ದಶಕಗಳ ಅಧ್ಯಾಪಕ ವೃತ್ತಿಯನ್ನು ಬಿಟ್ಟು ಹೊರಬಂದನು. 1893ರಿಂದ ಕೊನೆಯವರೆಗೂ ತೂಕ ಮತ್ತು ಅಳತೆಗಳ ಮಂಡಲಿಯ ಮುಖ್ಯಸ್ಥನಾಗಿದ್ದು, 1899ರ ಕಾನೂನಿನಿಂದ ರಷ್ಯದಲ್ಲಿ ಮೆಟ್ರಿಕ್ ಪದ್ಧತಿಗೆ ಎಡೆ ಮಾಡಿಸಿದನು.

ಆ ನಂಬಿಕೆಯ ಇನ್ನೊಂದು ಮುಖವನ್ನೂ ಹೇಳಬೇಕು. ಟೆಲ್ಯೂರಿಯಂ ಅಯೊಡಿನ್ನಿಗಿಂತ ಭಾರ. ಆದರೂ ಗುಣಗಳನ್ನು ನೋಡಿ ಆತನು ಟೆಲ್ಯೂರಿಯಮ್ಮನ್ನು ಮೊದಲು ಕೂರಿಸಿದನು, ಕೂರಿಸಿದ್ದು ಸರಿ. ಅದರ ತೂಕವನ್ನು ತೂಗಿದವರು ತಪ್ಪಿದ್ದಾರೆಂದು ಹಟಹಿಡಿದನು, ಅದು ಸರಿಯಲ್ಲ. 1894ರಲ್ಲಿ ಆರ್ಗಾನ್ ಸಿಕ್ಕಿದಾಗ, ಕೋಷ್ಟಕದಲ್ಲಿ ಅದಕ್ಕೆ ಮನೆಯಿಲ್ಲದುದರಿಂದ ಮೂರು ಪರಮಾಣುಗಳು ಕೂಡಿದ ಸಾರಜನಕವಿರಬೇಕೆಂದು ಶಂಕಿಸಿದನು. ಆರು ವರ್ಷಗಳ ಮೇಲೆ ಜಡಾನಿಲಗಳಿಗೆ ಪ್ರತ್ಯೇಕ ಗುಂಪನ್ನು ಒಪ್ಪಿಕೊಂಡನು. ಪರಮಾಣು ಒಡೆಯುತ್ತದೆಂಬುದನ್ನು ಕೊನೆಯವರೆಗೂ ಒಪ್ಪಲಿಲ್ಲ. 1902ರಲ್ಲಿ ಪ್ಯಾರಿಸ್ಸಿಗೆ ಹೋಗಿ ಕ್ಯೂರಿ ದಂಪತಿಗಳ ಪ್ರಯೋಗಶಾಲೆಯನ್ನು ನೋಡಿದ ಮೇಲೂ, ವಿಕಿರಣವನ್ನು ವಿವರಿಸಲು ಜಲಜನಕಕ್ಕಿಂತ ಹಗುರವಾದ ಈಥರ್ ಎಂಬ ಧಾತುವನ್ನು ಕಲ್ಪಿಸಿ, ಅದಕ್ಕೂ ಕೋಷ್ಟಕದಲ್ಲಿ ಮನೆ ಕಟ್ಟಿದನು. ಆ ಮನೆಗೆ ಯಾರೂ ಬರಲಿಲ್ಲ. ಗ್ಯಾಲಿಯಂ ಸಾಂದ್ರತೆಯನ್ನು ತಿದ್ದಿಸಿದ ಗುಣವೂ ಎಲೆಕ್ಟ್ರಾನನ್ನು ತಳ್ಳಿಹಾಕಿದ ಗುಣವೂ ಒಂದೇ ಎಂದು ನನಗೆ ತೋರುತ್ತದೆ.

1906ರಲ್ಲಿ ನೊಬೆಲ್ ಸಮಿತಿ ಆತನ ಹೆಸರನ್ನು ಸೂಚಿಸಿತು. ಸ್ವೀಡನ್ನಿನ ಪರಿಷತ್ತು ಅದನ್ನು ಬಿಟ್ಟು ಫ್ಲೋರಿನ್ನನ್ನು ಬೇರ್ಪಡಿಸಿದ ಮ್ವಾಸಾನ್‌ಗೆ ಬಹುಮಾನ ಕೊಟ್ಟಿತು. ತನ್ನ ದ್ರಾವಣ ಸಿದ್ಧಾಂತವನ್ನು ಖಂಡಿಸಿದ್ದ ಮೆಂಡಲೀಫನ ಮೇಲೆ ಅರ್ಹೇನಿಯಸ್‌ಗೆ ಇದ್ದ ಅಸಮಾಧಾನ ಇದಕ್ಕೆ ಕಾರಣವೆಂದು ಇತಿಹಾಸಕಾರರು ಬರೆಯುತ್ತಾರೆ. 1907ರ ಫೆಬ್ರವರಿ 2ರಂದು ಮೆಂಡಲೀಫ್ ತೀರಿಕೊಂಡನು. ಅದೇ ತಿಂಗಳ 20ರಂದು ಮ್ವಾಸಾನ್. ಶವಯಾತ್ರೆಯ ಮುಂದೆ ವಿದ್ಯಾರ್ಥಿಗಳು ಆವರ್ತ ಕೋಷ್ಟಕದ ದೊಡ್ಡ ಫಲಕವನ್ನು ಹೊತ್ತು ನಡೆದರು.

ಗುಣಗಳು ಮರುಕಳಿಸುವುದು ಏಕೆ ಎಂಬುದು ತಿಳಿದದ್ದು ಆಮೇಲೆ. 1913ರಲ್ಲಿ ಇಂಗ್ಲೆಂಡಿನ ಮೋಸ್ಲಿ, ಎಕ್ಸ್ ಕಿರಣಗಳ ಪರೀಕ್ಷೆಯಿಂದ, ಧಾತುಗಳ ನಿಜವಾದ ಕ್ರಮ ತೂಕದ್ದಲ್ಲ, ಪರಮಾಣುಬೀಜದ ವಿದ್ಯುದಂಶದ ಸಂಖ್ಯೆಯದೆಂದು ತೋರಿಸಿದನು. ಟೆಲ್ಯೂರಿಯಂ 52, ಅಯೊಡಿನ್ 53. ತೂಕಗಳೂ ಸರಿ, ಮೆಂಡಲೀಫ್ ಕೂರಿಸಿದ ಸ್ಥಾನಗಳೂ ಸರಿ. ಎರಡು ವರ್ಷಗಳ ಮೇಲೆ 27ರ ಹರೆಯದ ಆ ಮೋಸ್ಲಿ ಗಲಿಪೊಲಿಯ ಯುದ್ಧದಲ್ಲಿ ಗುಂಡಿಗೆ ಬಲಿಯಾದನು. ಅಡ್ಡಸಾಲಿನಲ್ಲಿ ಮುಂದೆ ಹೋದಂತೆ ಬೀಜದ ಸೆಳೆತ ಹೆಚ್ಚಿ ಪರಮಾಣು ಕುಗ್ಗುತ್ತದೆ, ಎಲೆಕ್ಟ್ರಾನುಗಳ ಹಿಡಿತ ಬಿಗಿಯಾಗುತ್ತದೆ. ಕೆಳಗಿಳಿದಂತೆ ಹೊಸ ಹೊಸ ಕವಚ ಸೇರಿ ಪರಮಾಣು ಹಿಗ್ಗುತ್ತದೆ, ಹೊರಗಿನ ಎಲೆಕ್ಟ್ರಾನ್ ಸುಲಭವಾಗಿ ಕಳಚುತ್ತದೆ. ಸೀಸಿಯಂ ನೀರಿನಲ್ಲಿ ಸಿಡಿಯುವುದೂ ಫ್ಲೋರಿನ್ ಎಲ್ಲವನ್ನೂ ಕಚ್ಚುವುದೂ ಇದರಿಂದಲೇ.

1955ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸೃಷ್ಟಿಸಿದ 101ನೆಯ ಧಾತುವಿಗೆ ಮೆಂಡಲೀವಿಯಂ ಎಂದು ಹೆಸರಿಟ್ಟರು. 2016ರಲ್ಲಿ 113, 115, 117, 118ನೆಯ ಧಾತುಗಳಿಗೆ ಹೆಸರಾಗಿ ಏಳನೆಯ ಸಾಲು ತುಂಬಿತು. ಆತನು 1871ರಲ್ಲಿ ಮ್ಯಾಂಗನೀಸಿನ ಕೆಳಗೆ, ತೂಕ 100ರ ಹತ್ತಿರವೆಂದು ತೆರವು ಬಿಟ್ಟಿದ್ದ ಏಕ-ಮ್ಯಾಂಗನೀಸಿನ ಮನೆ ಮಾತ್ರ ಬಹುಕಾಲ ಬರಿದಾಗಿಯೇ ಇದ್ದಿತು. ಹಲವರು ಅದಿರುಗಳಲ್ಲಿ ಹುಡುಕಿ ಸಿಕ್ಕಿತೆಂದರು, ಯಾವುದೂ ನಿಲ್ಲಲಿಲ್ಲ. 1937ರಲ್ಲಿ ಇಟಲಿಯ ಪೆರಿಯೆ ಮತ್ತು ಸೆಗ್ರೆ, ಬರ್ಕ್ಲಿಯ ಸೈಕ್ಲೊಟ್ರಾನ್ ಯಂತ್ರದಲ್ಲಿ ಕಣಗಳ ಹೊಡೆತ ತಿಂದು ಬಂದಿದ್ದ ಮಾಲಿಬ್ಡಿನಮ್ಮಿನ ತಗಡೊಂದರಲ್ಲಿ ಅದನ್ನು ಕಂಡರು. ಆ ಧಾತು ನಿಲ್ಲದೆ ಕ್ಷಯಿಸುವಂಥದು. ಭೂಮಿ ಹುಟ್ಟಿದಾಗ ಇದ್ದದ್ದು ಎಂದೋ ಮುಗಿದುಹೋಗಿತ್ತು. ಕೃತಕವಾಗಿ ಮಾಡಿದ್ದೆಂಬ ಅರ್ಥದಲ್ಲಿ ಅದಕ್ಕೆ ಟೆಕ್ನೀಷಿಯಂ ಎಂದು ಹೆಸರಾಯಿತು. ಇಂದು ಆಸ್ಪತ್ರೆಗಳಲ್ಲಿ ಎಲುಬು, ಹೃದಯ, ಥೈರಾಯ್ಡ್ ಗ್ರಂಥಿಗಳ ಚಿತ್ರ ತೆಗೆಯುವಾಗ ರೋಗಿಯ ರಕ್ತನಾಳಕ್ಕೆ ಸೇರಿಸುವುದು ಬಹುಮಟ್ಟಿಗೆ ಆ ಧಾತುವನ್ನೇ.